ಬಿಸಿಲನಾಡಿನ ಮನೆಗಳಲ್ಲಿ ಗೇಮ್ ಕನ್ಸೋಲ್ ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳುವುದು

ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ನಿಂಟೆಂಡೊ ಸ್ವಿಚ್, ವಿಡಿಯೊ ಗೇಮ್ ಆಡುವ ಈ ಮೂರು ಯಂತ್ರಗಳನ್ನೂ (ಕನ್ಸೋಲ್‌ಗಳನ್ನು) ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆಯಾದರೂ ಒಂದು ಸೂಚನೆ ಮಾತ್ರ ಮೂರರಲ್ಲಿಯೂ ಒಂದೇ ಆಗಿದೆ: ಯಂತ್ರವನ್ನು ಬಳಸುವ ಜಾಗದ ಉಷ್ಣಾಂಶ 5ರಿಂದ 35 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ದಾಟುವುದು ಯಾರಿಗೂ ಹೊಸ ಸಂಗತಿಯಲ್ಲ. ಅಂದರೆ ಯಂತ್ರದ ಗುಂಡಿಯನ್ನು ಒತ್ತುವ ಮೊದಲೇ ನಮ್ಮ ಕೋಣೆಯ ಗಾಳಿ ತಯಾರಕರು ಹಾಕಿದ ಗೆರೆಯನ್ನು ಮೀರಿರುತ್ತದೆ. ತಂಪು ಊರುಗಳಲ್ಲಿ ಕುಳಿತವರು ಕೊಡುವ ಸಲಹೆಗಳು ಬಹುಪಾಲು ಧೂಳು ಒರೆಸುವುದರಿಂದ ಆರಂಭವಾಗಿ, ಚಿಪ್‌ನ ಶಾಖವನ್ನು ಅದರ ಮೇಲಿನ ಲೋಹಕ್ಕೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಬದಲಿಸುವುದರಲ್ಲಿ ಮುಗಿಯುತ್ತವೆ. ನಮ್ಮ ಭಾಗದಲ್ಲಿ ಆ ಎರಡಕ್ಕಿಂತ ಮೊದಲು ಕೋಣೆಯ ಗಾಳಿಯನ್ನು ಸರಿಪಡಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಆಟ ನಡೆಯುವಾಗ ಮುಖ್ಯ ಚಿಪ್‌ನಲ್ಲಿ ಹುಟ್ಟುವ ಶಾಖವು ಅದರ ಮೇಲೆ ಒತ್ತಿ ಕೂರಿಸಿದ ಲೋಹದ ಹೀಟ್‌ಸಿಂಕ್‌ಗೆ ಹರಿಯುತ್ತದೆ. ಹೀಟ್‌ಸಿಂಕ್‌ನ ತೆಳುವಾದ ಹಲ್ಲುಗಳ ನಡುವೆ ಫ್ಯಾನ್ ಕೋಣೆಯ ಗಾಳಿಯನ್ನು ಹಾಯಿಸಿ ಆ ಶಾಖವನ್ನು ಹೊರಗೆ ತಳ್ಳುತ್ತದೆ. ಫ್ಯಾನ್ ಎಷ್ಟೇ ವೇಗವಾಗಿ ತಿರುಗಿದರೂ ಒಳಗಿನ ಭಾಗಗಳನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆ 28 ಡಿಗ್ರಿ ಇದ್ದಾಗ ಚಿಪ್ ಎಷ್ಟು ಬಿಸಿಯಾಗುತ್ತದೆಯೋ, ಅದೇ ಆಟಕ್ಕೆ, ಅದೇ ಫ್ಯಾನ್ ವೇಗಕ್ಕೆ, ಕೋಣೆ 41 ಡಿಗ್ರಿ ಇದ್ದಾಗ ಅದು ಹೆಚ್ಚುಕಡಿಮೆ 13 ಡಿಗ್ರಿ ಮೇಲೆಯೇ ಇರುತ್ತದೆ. ಆ ವ್ಯತ್ಯಾಸವನ್ನು ತುಂಬಿಕೊಳ್ಳಲು ಯಂತ್ರವು ಮೊದಲು ಫ್ಯಾನ್ ವೇಗ ಹೆಚ್ಚಿಸುತ್ತದೆ, ಸಾಲದಿದ್ದರೆ ತೆರೆಯ ಮೇಲೆ ಎಚ್ಚರಿಕೆ ತೋರಿಸುತ್ತದೆ, ಅದಕ್ಕೂ ಮೀರಿದರೆ ತಾನಾಗಿಯೇ ಆರಿಹೋಗುತ್ತದೆ. ಆರಿಹೋಗುವುದು ಕೆಟ್ಟುಹೋದ ಲಕ್ಷಣವಲ್ಲ, ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆ. ಆದರೆ ಅದು ಪ್ರತಿದಿನದ ರೂಢಿಯಾಗಬಾರದು. 2005ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ 360 ಯಂತ್ರಗಳು ದೊಡ್ಡ ಸಂಖ್ಯೆಯಲ್ಲಿ ಮೂರು ಕೆಂಪು ದೀಪ ತೋರಿಸಿ ನಿಂತುಹೋದಾಗ, ಪದೇ ಪದೇ ಕಾದು ಆರುವುದರಿಂದ ಚಿಪ್‌ನ ಸೂಕ್ಷ್ಮ ಬೆಸುಗೆ ಸಂಪರ್ಕಗಳು ಬಿರುಕು ಬಿಟ್ಟದ್ದು ಅದರ ಹಿಂದಿನ ಮುಖ್ಯ ಕಾರಣವಾಗಿತ್ತು. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ, ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣವನ್ನು ತೆಗೆದಿರಿಸಬೇಕಾಯಿತು. ಈಗಿನ ಯಂತ್ರಗಳ ವಿನ್ಯಾಸ ಬಹಳ ಸುಧಾರಿಸಿದೆಯಾದರೂ ಕಾಯುವಾಗ ಹಿಗ್ಗಿ ಆರುವಾಗ ಕುಗ್ಗುವ ಲೋಹದ ಗುಣ ಬದಲಾಗಿಲ್ಲ.

ಕೋಣೆ ಮತ್ತು ಹೊತ್ತು

ಮೊದಲು ಕೊಳ್ಳಬೇಕಾದ ವಸ್ತು ಕೂಲಿಂಗ್ ಸ್ಟ್ಯಾಂಡ್ ಅಲ್ಲ, ಗೋಡೆಗೆ ನೇತುಹಾಕುವ ಅಥವಾ ಮೇಜಿನ ಮೇಲಿಡುವ ಒಂದು ಸಾಧಾರಣ ಥರ್ಮಾಮೀಟರ್. ಅದನ್ನು ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕದೆ, ಕನ್ಸೋಲ್ ಗಾಳಿ ಎಳೆದುಕೊಳ್ಳುವ ಬದಿಯಲ್ಲಿ, ಯಂತ್ರದ ಎತ್ತರದಲ್ಲಿಯೇ ಇಡಬೇಕು. ನಿಮಗೆ ಬೇಕಾಗಿರುವುದು ಊರಿನ ಉಷ್ಣಾಂಶವಲ್ಲ, ಯಂತ್ರ ಉಸಿರಾಡುವ ಗಾಳಿಯ ಉಷ್ಣಾಂಶ. ಅರ್ಧ ಗಂಟೆ ಆಡಿದ ಮೇಲೆ ಆ ಜಾಗದ ಅಂಕಿ ಕೋಣೆಯ ನಡುವಿನ ಅಂಕಿಗಿಂತ ನಾಲ್ಕೈದು ಡಿಗ್ರಿ ಹೆಚ್ಚಾಗಿದ್ದರೆ, ಯಂತ್ರ ತಾನು ಹೊರಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತಿದೆ ಎಂದು ತಿಳಿಯಬೇಕು.

ನಮ್ಮ ಊರುಗಳ ಈಗಿನ ಮನೆಗಳು ಬಹುತೇಕ ಆರ್‌ಸಿಸಿ ಮನೆಗಳು. ಮಧ್ಯಾಹ್ನದ ಬಿಸಿಲು ಕುಡಿದ ಛಾವಣಿ ಆ ಶಾಖವನ್ನು ತಕ್ಷಣ ಒಳಗೆ ಬಿಡುವುದಿಲ್ಲ. ಕೆಲವು ತಾಸು ತಡೆದು, ಸಂಜೆಯ ಮೇಲೆ, ನಾವು ಕೆಲಸ ಮುಗಿಸಿ ಆಡಲು ಕೂರುವ ಹೊತ್ತಿಗೆ ಸರಿಯಾಗಿ ಬಿಡತೊಡಗುತ್ತದೆ. ಆದ್ದರಿಂದ "ಹೊತ್ತು ಮುಳುಗಿದ ಮೇಲೆ ಆಡಿದರೆ ಆಯಿತು" ಎಂಬ ಲೆಕ್ಕ ಮೇಲಂತಸ್ತಿನ ಕೋಣೆಗೆ ಹೊಂದುವುದಿಲ್ಲ. ರಾತ್ರಿ ಎಂಟು ಗಂಟೆಗೆ ಹೊರಗಿನ ಅಂಗಳ ತಂಪಾಗಿದ್ದರೂ ಛಾವಣಿಯ ಕೆಳಗಿನ ಕೋಣೆ ಕಾದೇ ಇರುತ್ತದೆ, ಅಲ್ಲಿಯ ಸೀಲಿಂಗ್ ಫ್ಯಾನ್ ಛಾವಣಿಗೆ ಅಂಟಿದ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ನೆಲಮಾಳಿಗೆಯಲ್ಲದಿದ್ದರೂ ನೆಲ ಅಂತಸ್ತಿನ, ಕಲ್ಲುಹಾಸಿನ ಕೋಣೆ ಯಾವಾಗಲೂ ಮೇಲು. ಮಣ್ಣಿನ ಮಾಳಿಗೆಯ ಹಳೆಯ ಮನೆ ಉಳಿಸಿಕೊಂಡವರಿದ್ದರೆ, ಬೇಸಿಗೆಯ ಮಟ್ಟಿಗೆ ಕನ್ಸೋಲನ್ನು ಅಲ್ಲಿಯ ಪಡಸಾಲೆಗೆ ಸಾಗಿಸುವುದು ಯಾವ ಕೂಲಿಂಗ್ ಉಪಕರಣಕ್ಕಿಂತಲೂ ಒಳ್ಳೆಯದು. ಆದರೆ ಮೇಲಿನಿಂದ ಉದುರುವ ಮಣ್ಣಿನ ಪುಡಿಯಿಂದ ಯಂತ್ರವನ್ನು ಕಾಯಬೇಕಾಗುತ್ತದೆ. ಮೇಲಂತಸ್ತು ಬಿಟ್ಟು ಬೇರೆ ದಾರಿ ಇಲ್ಲದವರು ಛಾವಣಿಗೆ ಬಿಳಿ ಸುಣ್ಣ ಬಳಿಸಬಹುದು. ಬೇಸಿಗೆಯಲ್ಲಿ ಯಂತ್ರಕ್ಕೆ ಹೆಚ್ಚು ಕೆಲಸ ಕೊಡುವ ಭಾರದ ಆಟಗಳಿಗೆ ಅತ್ಯಂತ ಸೂಕ್ತವಾದ ಹೊತ್ತು ಬೆಳಗಿನ ಜಾವದಿಂದ ಎಂಟೊಂಬತ್ತು ಗಂಟೆಯವರೆಗೆ, ಏಕೆಂದರೆ ಗೋಡೆ, ಛಾವಣಿಗಳೆರಡೂ ಆ ಹೊತ್ತಿಗೆ ತಣಿದಿರುತ್ತವೆ. ರಜೆಯ ಮಕ್ಕಳಿಗೆ ಇದನ್ನು ಒಪ್ಪಿಸುವುದು ಕಷ್ಟವೆಂಬುದು ಬೇರೆ ಮಾತು.

ಏರ್ ಕೂಲರ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎ.ಸಿ. ಇಲ್ಲದ ಮನೆಗಳಲ್ಲಿ ನಮ್ಮ ಮುಖ್ಯ ಆಸರೆ ಅದೇ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ ಎಂಬ ತತ್ತ್ವದ ಮೇಲೆ ಕೂಲರ್ ಕೆಲಸ ಮಾಡುವುದರಿಂದ, ಗಾಳಿ ಒಣಗಿದ್ದಷ್ಟೂ ಅದರ ಫಲ ಹೆಚ್ಚು. ನಮ್ಮ ಏಪ್ರಿಲ್ ತಿಂಗಳ ಒಣಗಾಳಿ ಅದಕ್ಕೆ ಹೇಳಿ ಮಾಡಿಸಿದಂತಿದೆ. 41 ಡಿಗ್ರಿಯ ಕೋಣೆಯನ್ನು 35ರ ಒಳಗೆ ತರುವುದು ಒಳ್ಳೆಯ ಕೂಲರ್‌ಗೆ ಸಾಧ್ಯ. ಆದರೆ ಮೂರು ಷರತ್ತುಗಳಿವೆ. ಕೂಲರ್ ಕಿಟಕಿಯ ಹೊರಗಿನಿಂದ ಗಾಳಿ ಎಳೆಯುವಂತಿರಬೇಕು, ಎದುರಿನ ಕಿಟಕಿಯೋ ಬಾಗಿಲೋ ತೆರೆದಿರಬೇಕು; ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯಲ್ಲಿ ತೇವ ತುಂಬಿ ತಂಪಾಗುವುದು ನಿಂತುಹೋಗುತ್ತದೆ. ಎರಡನೆಯದಾಗಿ, ಕೂಲರ್‌ನ ಬಾಯಿ ಕನ್ಸೋಲ್ ಕಡೆಗೆ ನೇರವಾಗಿ ಇರಬಾರದು. ಪ್ಯಾಡ್ ಹೊಸದಿದ್ದಾಗ ಅಥವಾ ನೀರು ಹೆಚ್ಚಾಗಿ ಹರಿಯುವಾಗ ಸಣ್ಣ ಹನಿಗಳು ಗಾಳಿಯೊಂದಿಗೆ ಹಾರುತ್ತವೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಎಷ್ಟೆಂಬುದನ್ನು ಪ್ಯಾಡ್‌ನ ಮೇಲೆ ಕಟ್ಟುವ ಬಿಳಿ ಉಪ್ಪೇ ಹೇಳುತ್ತದೆ, ಆ ಉಪ್ಪು ಸರ್ಕ್ಯೂಟ್ ಬೋರ್ಡ್‌ನ ಮೇಲೆ ಕೂರುವುದು ಬೇಡ. ಗಾಳಿ ಕೋಣೆಯನ್ನು ಅಡ್ಡಲಾಗಿ ದಾಟುವಂತೆ ಕೂಲರ್ ಇಟ್ಟು, ಯಂತ್ರವನ್ನು ಆ ಹರಿವಿನ ಪಕ್ಕದಲ್ಲಿ ಇಡುವುದು ಸರಿಯಾದ ಕ್ರಮ. ಮೂರನೆಯದಾಗಿ, ಮುಂಗಾರು ಬಂದು ಗಾಳಿಯಲ್ಲಿ ತೇವ ಏರಿದ ಮೇಲೆ ಕೂಲರ್ ತಂಪಿಗಿಂತ ಹಸಿಯನ್ನೇ ಹೆಚ್ಚು ಕೊಡುತ್ತದೆ. ಆಗ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಬೇಕು.

ಎ.ಸಿ. ಇರುವವರಿಗೆ ಹೇಳಬೇಕಾದದ್ದು ಕಡಿಮೆ. ಕೋಣೆಯನ್ನು 27, 28 ಡಿಗ್ರಿಯಲ್ಲಿಟ್ಟರೆ ಯಂತ್ರಕ್ಕೆ ಧಾರಾಳವಾಗಿ ಸಾಕು.

ಇಡುವ ಜಾಗ

ಪ್ಲೇಸ್ಟೇಷನ್ 5ರ ಸುರಕ್ಷತಾ ಸೂಚನೆಯು ಯಂತ್ರ ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ದೂರವಿರಬೇಕೆಂದು ಹೇಳುತ್ತದೆ. ನಮ್ಮ ಬೇಸಿಗೆಗೆ ಒಂದು ಗೇಣು ಬಿಡುವುದು ಕ್ಷೇಮವೆಂಬುದು ನನ್ನ ಅಭಿಪ್ರಾಯ. ಪಡುವಣ ಗೋಡೆಯ ಹತ್ತಿರವಂತೂ ಇಡಲೇಬಾರದು. ಮಧ್ಯಾಹ್ನದಿಂದ ಬಿಸಿಲು ಬಿದ್ದ ಆ ಗೋಡೆ ಸಂಜೆ ಕೈಯಿಟ್ಟರೆ ಬಿಸಿ ತಾಗುವಷ್ಟು ಕಾದಿರುತ್ತದೆ. ಗಾಜಿನ ಬಾಗಿಲಿನ ಷೋಕೇಸ್ ಕನ್ಸೋಲ್‌ಗೆ ಅತ್ಯಂತ ಕೆಟ್ಟ ಜಾಗ. ಬಾಗಿಲು ತೆರೆದಿಟ್ಟರೂ ಹಿಂಬದಿಯ ಪ್ಲೈವುಡ್ ಹಲಗೆ ಬಿಸಿಗಾಳಿಯನ್ನು ಮುಂದಕ್ಕೇ ತಿರುಗಿಸುತ್ತದೆ, ಆ ಹಲಗೆಯನ್ನು ಬಡಗಿಯಿಂದ ಕೊಯ್ಯಿಸಿ ಗಾಳಿಗೆ ದಾರಿ ಮಾಡದಿದ್ದರೆ ಪ್ರಯೋಜನವಿಲ್ಲ. ಹಾಸಿಗೆ, ಜಮಖಾನೆ, ಸೋಫಾದ ಮೇಲೆ ಇಡುವುದೂ ಸಲ್ಲದು, ಏಕೆಂದರೆ ಮೆತ್ತನೆಯ ಬಟ್ಟೆ ತಳದ ರಂಧ್ರಗಳನ್ನು ಮುಚ್ಚುವುದಲ್ಲದೆ ನೂಲಿನ ಎಳೆಗಳನ್ನೂ ಒಳಗೆ ಬಿಡುತ್ತದೆ.

ಯಾವ ಯಂತ್ರ ಎಲ್ಲಿಂದ ಗಾಳಿ ತೆಗೆದುಕೊಂಡು ಎಲ್ಲಿಂದ ಬಿಡುತ್ತದೆ ಎಂಬುದನ್ನು ತಿಳಿದಿದ್ದರೆ ಜಾಗ ಆರಿಸುವುದು ಸುಲಭ. ಪ್ಲೇಸ್ಟೇಷನ್ 5 ಮುಂಬದಿಯ ಸಂದುಗಳಿಂದ ಎಳೆದು ಹಿಂಬದಿಗೆ ಬಿಡುತ್ತದೆ, ಮಲಗಿಸಿದರೂ ನಿಲ್ಲಿಸಿದರೂ ಅಷ್ಟೇ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ನಿಂತಿರುವಾಗ ಕೆಳಗಿನಿಂದ ಎಳೆದು ನೆತ್ತಿಯಿಂದ ಬಿಡುವುದರಿಂದ ಅದರ ತಲೆಯ ಮೇಲೆ ರಿಮೋಟ್, ಕಂಟ್ರೋಲರ್, ಕರವಸ್ತ್ರ ಯಾವುದನ್ನೂ ಇಡಬಾರದು. ಎಕ್ಸ್‌ಬಾಕ್ಸ್‌ನ ಇನ್ನೊಂದು ಮಾದರಿಯಾದ ಸೀರೀಸ್ ಎಸ್‌ನ ಕಪ್ಪು ದುಂಡು ಜಾಲರಿಯು ಬಿಸಿಗಾಳಿ ಹೊರಬರುವ ಬಾಯಿ. ಅದನ್ನು ಮಲಗಿಸಿದಾಗ ಜಾಲರಿ ಮೇಲ್ಮುಖವಾಗಿರಬೇಕು. ನಿಂಟೆಂಡೊ ಸ್ವಿಚ್ ಹಿಂಬದಿಯಿಂದ ಎಳೆದು ಮೇಲಂಚಿನಿಂದ ಬಿಡುತ್ತದೆ. ಅದನ್ನು ಟಿವಿಗೆ ಜೋಡಿಸುವ ಪೀಠವಾದ ಡಾಕ್‌ನಲ್ಲಿಟ್ಟು ಟಿವಿಯಲ್ಲಿ ಆಡುವಾಗ ಚಿಪ್ ಹೆಚ್ಚಿನ ವೇಗದಲ್ಲಿ ಓಡುತ್ತದೆ, ಕೈಯಲ್ಲಿ ಹಿಡಿದು ಆಡುವಾಗ ಕಡಿಮೆ ವೇಗದಲ್ಲಿ. ಆದುದರಿಂದ ಮಧ್ಯಾಹ್ನ ಆಡಲೇಬೇಕಾದರೆ ಡಾಕ್‌ನಿಂದ ತೆಗೆದು, ಚಾರ್ಜಿಗೆ ಹಾಕದೆ ಆಡುವುದು ಮೇಲು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಸ್ವಿಚ್ ಆಗಲಿ, ಯಾವುದೇ ಕಂಟ್ರೋಲರ್ ಆಗಲಿ ಬಿಟ್ಟುಹೋಗಬಾರದು, ಏಕೆಂದರೆ ಸ್ವಿಚ್‌ನಲ್ಲಿಯೂ ಹಲವು ಕಂಟ್ರೋಲರ್‌ಗಳಲ್ಲಿಯೂ ಇರುವ ಲಿಥಿಯಂ ಬ್ಯಾಟರಿಗೆ ಬಿಸಿ ದೊಡ್ಡ ಶತ್ರು.

ಧೂಳಿನಿಂದ ಕಾಪಾಡಲು ಟಿವಿ, ಮಿಕ್ಸರ್‌ಗಳಂತೆ ಕನ್ಸೋಲ್‌ಗೂ ಬಟ್ಟೆ ಹೊದಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಹೊದಿಸುವುದು ತಪ್ಪಲ್ಲ, ಆದರೆ ಯಂತ್ರ ಪೂರ್ತಿ ಆರಿದ ಮೇಲೆ ಹೊದಿಸಿ, ಆನ್ ಮಾಡುವ ಮೊದಲು ತೆಗೆಯಬೇಕು. ರೆಸ್ಟ್ ಮೋಡ್‌ನಲ್ಲಿರುವ, ಅಂದರೆ ಅರೆನಿದ್ದೆಯಲ್ಲಿರುವ ಯಂತ್ರ ಆಫ್ ಆದಂತೆ ಕಂಡರೂ ಡೌನ್‌ಲೋಡ್ ಮಾಡುತ್ತ, ಕಂಟ್ರೋಲರ್ ಚಾರ್ಜ್ ಮಾಡುತ್ತ ಬಿಸಿಯಾಗುತ್ತಿರುತ್ತದೆ. ಬಟ್ಟೆ ಹೊದಿಸುವ ಮನೆಯಲ್ಲಿ ರೆಸ್ಟ್ ಮೋಡ್ ಬಳಸದೆ ಪೂರ್ತಿ ಆಫ್ ಮಾಡುವುದೇ ಸರಿ.

ಧೂಳು

ಎಲ್ಲ ಊರಿನ ಧೂಳೂ ಒಂದೇ ಬಗೆಯದಲ್ಲ. ಸಂಡೂರು, ತೋರಣಗಲ್ಲು ಕಡೆಯ ಅದಿರು ಲಾರಿಗಳ ದಾರಿಯಲ್ಲಿ ಮನೆಯಿರುವವರು ಕಿಟಕಿಯ ಸರಳುಗಳ ಮೇಲೆ ಕಾಣುವ ಕೆಂಪು ಪುಡಿಯೇ ಹೀಟ್‌ಸಿಂಕ್‌ನಲ್ಲಿಯೂ ಇರುತ್ತದೆ. ಅದು ಭಾರವಾದ, ನುಣುಪಾದ ಪುಡಿ, ಒದ್ದೆ ಕೈ ತಾಗಿದರೆ ಅಂಟಿಕೊಳ್ಳುತ್ತದೆ. ಕೊಪ್ಪಳದ ಗಿಣಿಗೇರಾ ಸುತ್ತಲಿನ ಉಕ್ಕು, ಮೆದು ಕಬ್ಬಿಣ ಕಾರ್ಖಾನೆಗಳ ಬಳಿ ಕಪ್ಪು ಮಸಿ ಹೆಚ್ಚು. ಶಕ್ತಿನಗರ, ಕುಡತಿನಿಗಳಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳಿರುವುದರಿಂದ ಹಾರುಬೂದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಹತ್ತಿರ ಭತ್ತದ ಹೊಟ್ಟಿನ ಚೂರುಗಳು ಹಾರುತ್ತವೆ. ಇವೆಲ್ಲಕ್ಕಿಂತ ಬೇಗ ಗಾಳಿಯ ದಾರಿಯನ್ನು ಕಟ್ಟುವುದು, ನನ್ನ ಎಣಿಕೆಯಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಸುತ್ತಲಿನ ಅರಳೆ ಎಳೆ: ಒಂದು ಎಳೆ ಹೀಟ್‌ಸಿಂಕ್‌ನ ಹಲ್ಲಿಗೆ ಸಿಕ್ಕಿಕೊಂಡರೆ ಉಳಿದ ಧೂಳು ಅದಕ್ಕೆ ಹೆಣೆದುಕೊಂಡು ಕಂಬಳಿಯಂಥ ಪದರವಾಗುತ್ತದೆ. ಹೀಗಿರುವಾಗ "ಆರು ತಿಂಗಳಿಗೊಮ್ಮೆ ಸ್ವಚ್ಛಗೊಳಿಸಿ" ಎಂಬ ಸಾಮಾನ್ಯ ಸಲಹೆ ಇಲ್ಲಿ ಸಾಲದು. ಹೊರಮೈಯ ಸಂದುಗಳನ್ನು ವಾರಕ್ಕೊಮ್ಮೆ ಒಣ ಬ್ರಷ್‌ನಿಂದ ಗುಡಿಸುವುದು, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸರಿಯಾಗಿ ಧೂಳು ತೆಗೆಯುವುದು ರೂಢಿಯಾಗಬೇಕು.

ಕೆಲಸಕ್ಕೆ ಮೊದಲು ಯಂತ್ರವನ್ನು ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಅರ್ಧ ಗಂಟೆ ಆರಲು ಬಿಡಬೇಕು. ಬಣ್ಣ ಬಳಿಯುವ ಹೊಸದಾದ, ಮೆತ್ತನೆಯ ಬ್ರಷ್‌ನಿಂದ ಸಂದುಗಳ ಧೂಳನ್ನು ಸಡಿಲಿಸುತ್ತ, ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದನ್ನು ಅತಿ ಕಡಿಮೆ ಎಳೆತಕ್ಕೆ ಇಟ್ಟು ಹೊರಗಿನಿಂದ ಎಳೆಯಬೇಕು. ಪ್ಲೇಸ್ಟೇಷನ್ 5ರ ಎರಡು ಬದಿಯ ಬಿಳಿ ಫಲಕಗಳನ್ನು ಬಳಕೆದಾರರೇ ಕಳಚುವಂತೆ ವಿನ್ಯಾಸಗೊಳಿಸಲಾಗಿದೆ. ಫಲಕ ತೆಗೆದಾಗ ಫ್ಯಾನ್ ಕಾಣುತ್ತದೆ, ಒಳಗಿನ ಧೂಳು ಒಂದೆಡೆ ಸೇರಲೆಂದೇ ಮಾಡಿದ ಗೂಡುಗಳ ರಂಧ್ರಗಳೂ ಕಾಣುತ್ತವೆ, ಅಲ್ಲಿಗೆ ವ್ಯಾಕ್ಯೂಮ್ ನಳಿಕೆ ಹಿಡಿದರೆ ಸಾಕು. ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಲ್ಲಿ ಅಂಥ ಸೌಕರ್ಯವಿಲ್ಲದ್ದರಿಂದ ಹೊರಗಿನಿಂದಲೇ ತೃಪ್ತರಾಗಬೇಕು. ಊದುವ ಸಾಧನ ಬಳಸುವುದಾದರೆ ಫ್ಯಾನ್‌ನ ರೆಕ್ಕೆಯನ್ನು ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ತಡೆದು ಹಿಡಿಯುವುದು ಅಗತ್ಯ, ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಸವೆಯುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆಸುವ ಜಾಣತನವನ್ನು ಮಾತ್ರ ಯಾರೂ ಮಾಡಬಾರದು. ಅದರ ಒತ್ತಡವೂ ಹೆಚ್ಚು, ಜೊತೆಗೆ ಟ್ಯಾಂಕ್‌ನ ತಳದಲ್ಲಿ ನಿಂತ ನೀರು ಮತ್ತು ಎಣ್ಣೆಯ ಹನಿಗಳು ಗಾಳಿಯೊಂದಿಗೆ ಬರುತ್ತವೆ. ಒದ್ದೆ ಬಟ್ಟೆಯೂ ಬೇಡ.

ಬೆಚ್ಚಗಿನ, ಕತ್ತಲಾದ ಜಾಗವೆಂದು ಜಿರಳೆಗಳು ಕನ್ಸೋಲ್‌ನೊಳಗೆ ಸೇರುವುದುಂಟು. ರಂಧ್ರದೊಳಗೆ ಹಿಟ್ ಹೊಡೆಯದೆ, ಯಂತ್ರದ ಸುತ್ತ ಜೆಲ್ ಮದ್ದು ಇಡುವುದು, ಆ ಮೇಜಿನ ಬಳಿ ತಿಂಡಿ ತಿನ್ನದಿರುವುದು ಉಪಾಯ. ಆಡುತ್ತ ಮಂಡಕ್ಕಿ ತಿನ್ನುವ ಮನೆಗಳಲ್ಲಿ ಇದು ಹೆಚ್ಚು.

ಆಟದ ಸೆಟ್ಟಿಂಗ್ ಮತ್ತು ಕರೆಂಟ್

ಕಡಿಮೆ ಕೆಲಸ ಕೊಟ್ಟರೆ ಕಡಿಮೆ ಶಾಖ ಹುಟ್ಟುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಅನೇಕ ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬೇಕೆಂಬ ಫ್ರೇಮ್ ರೇಟ್‌ಗೆ ಮಿತಿ ಹಾಕುವ ಅವಕಾಶವಿದೆ; 120ರ ಬದಲು 60, 60ರ ಬದಲು 30 ಆರಿಸಿಕೊಂಡರೆ ಫ್ಯಾನಿನ ಸದ್ದಿನಲ್ಲಿಯೇ ವ್ಯತ್ಯಾಸ ಕೇಳಿಸುತ್ತದೆ. ಆಟವನ್ನು ನಡುವೆ ತಡೆದು ನಿಲ್ಲಿಸಿ (ಪಾಜ್ ಮಾಡಿ) ಊಟಕ್ಕೆ ಹೋದರೆ ಯಂತ್ರವೂ ವಿಶ್ರಮಿಸುತ್ತದೆ ಎಂದು ತಿಳಿಯಬಾರದು, ಕೆಲವು ಆಟಗಳ ಮೆನು ಮತ್ತು ನಕ್ಷೆಯ ಪರದೆಗಳು ಆಟದಷ್ಟೇ ಶಾಖ ಹುಟ್ಟಿಸುತ್ತವೆ. ದೊಡ್ಡ ಡೌನ್‌ಲೋಡ್‌ಗಳನ್ನು ರಾತ್ರಿಗೆ ಇಟ್ಟುಕೊಳ್ಳಬಹುದು.

ಭಾರದ ಆಟ ಓಡುವಾಗ ಧಕ್ಕನೆ ಕರೆಂಟ್ ಹೋದರೆ ಫ್ಯಾನ್ ತಕ್ಷಣ ನಿಲ್ಲುತ್ತದೆ, ಆದರೆ ಹೀಟ್‌ಸಿಂಕ್ ಕಾದೇ ಇರುತ್ತದೆ. ಡಿಸ್ಕಿನಲ್ಲಿ ಬರೆಯುತ್ತಿದ್ದ ಮಾಹಿತಿಯೂ ಕೆಡಬಹುದು. ಯು.ಪಿ.ಎಸ್. ಅಥವಾ ಇನ್ವರ್ಟರ್ ಇದ್ದರೆ ಅದು ಲೈನಿನ ಕರೆಂಟಿನಂತೆಯೇ ನಯವಾಗಿ ಏರಿಳಿಯುವ ವಿದ್ಯುತ್ ಕೊಡುವ ಸೈನ್ ವೇವ್ ಬಗೆಯದಾಗಿರಲಿ, ಆದರೆ ಅದನ್ನು ಆಟ ಮುಂದುವರಿಸಲು ಬಳಸದೆ ಸೇವ್ ಮಾಡಿ ಕ್ರಮವಾಗಿ ಆಫ್ ಮಾಡಲು ಬಳಸಬೇಕು. ಕರೆಂಟ್ ಹೋದಾಗ ಕೂಲರ್ ಮತ್ತು ಎ.ಸಿ. ಎರಡೂ ನಿಂತಿರುತ್ತವೆ, ಕೋಣೆ ಕೆಲವೇ ನಿಮಿಷಗಳಲ್ಲಿ ಕಾಯತೊಡಗುತ್ತದೆ ಎಂಬುದು ಇಲ್ಲಿ ನೆನಪಿರಬೇಕು.

ಒಂದೇ ಕೋಣೆಯಲ್ಲಿ ಹಲವು ಕನ್ಸೋಲ್ ಇಟ್ಟು ಗಂಟೆಯ ಲೆಕ್ಕದಲ್ಲಿ ಆಡಿಸುವ ಗೇಮ್ ಜೋನ್‌ಗಳವರು ಶಾಖದ ಲೆಕ್ಕವನ್ನು ಬೇರೆಯಾಗಿ ಹಾಕಬೇಕು. ಭಾರದ ಆಟ ಓಡಿಸುವ ಮೊದಲ ಮಾದರಿಯ ಪ್ಲೇಸ್ಟೇಷನ್ 5 ಸುಮಾರು 200 ವ್ಯಾಟ್ ಬಳಸುತ್ತದೆ. ಬಳಸಿದ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಶಾಖವೇ ಆಗುತ್ತದೆ. ಐದು ಯಂತ್ರ, ಐದು ಟಿವಿ ಸೇರಿ ಸುಮಾರು 1,500 ವ್ಯಾಟ್ ಆದರೆ, ಬೇಸಿಗೆಯಲ್ಲಿ ಒಂದು ರೂಮ್ ಹೀಟರ್ ಹಚ್ಚಿಟ್ಟು ಕುಳಿತ ಹಾಗಾಯಿತು. ಒಂದು ಟನ್ ಎ.ಸಿ. ಹೊರಹಾಕಬಲ್ಲದ್ದು ಸುಮಾರು 3,500 ವ್ಯಾಟ್. ಛಾವಣಿ, ಗೋಡೆ, ಒಳಗೆ ಕುಳಿತ ಹತ್ತು ಹುಡುಗರ ಮೈಶಾಖ ಇವನ್ನು ಕೂಡಿಸಿದರೆ ಅದು ಸಾಲುವುದಿಲ್ಲ. ಛಾವಣಿಯ ಹತ್ತಿರ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಯಂತ್ರಗಳ ಬೆನ್ನು ಒಂದರ ಮುಖಕ್ಕೆ ಇನ್ನೊಂದು ಬಿಸಿಗಾಳಿ ಊದದಂತೆ ಸಾಲಾಗಿ ಗೋಡೆಯ ಕಡೆ ತಿರುಗಿಸಿ, ನಡುವೆ ಗೇಣುಗಟ್ಟಲೆ ಜಾಗ ಬಿಡುವುದು ಕನಿಷ್ಠ ವ್ಯವಸ್ಥೆ.

ಎಚ್ಚರಿಕೆ ಬಂದಾಗ

ಫ್ಯಾನ್ ಸದ್ದು ಎಂದಿಗಿಂತ ಜೋರಾಗಿ, ಚಿತ್ರ ತಡೆತಡೆದು ಓಡತೊಡಗಿದರೆ ಆಗಲೇ ಸೇವ್ ಮಾಡಬೇಕು. ಅತಿಯಾಗಿ ಬಿಸಿಯಾಗಿದೆ ಎಂಬ ಸಂದೇಶ ಬಂದರೆ ಮೆನುವಿನಿಂದ ಆಫ್ ಮಾಡಿ, ಕೋಣೆಯ ಬಾಗಿಲು ತೆರೆದು, ಒಂದು ಗಂಟೆಯಾದರೂ ಮುಟ್ಟದೆ ಬಿಡಬೇಕು. ಬೇಗ ಆರಲೆಂದು ಮಂಜುಗಡ್ಡೆಯ ಚೀಲ ಇಡುವುದು, ಒದ್ದೆ ಟವೆಲ್ ಸುತ್ತುವುದು, ಫ್ರಿಜ್‌ನಲ್ಲಿಡುವುದು ಇವೆಲ್ಲ ಒಳಗೆ ನೀರು ಬೆವರುವಂತೆ ಮಾಡಿ ಬಿಸಿಗಿಂತ ದೊಡ್ಡ ಹಾನಿ ಮಾಡುತ್ತವೆ. ಹಿಂಬದಿಗೆ ಸಿಕ್ಕಿಸುವ ಹೆಚ್ಚುವರಿ ಫ್ಯಾನ್‌ಗಳ ಬಗ್ಗೆಯೂ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅವು ಯಂತ್ರದ ಸ್ವಂತ ಗಾಳಿಯ ಹರಿವಿಗೆ ಅಡ್ಡ ನಿಲ್ಲುವ ಸಂದರ್ಭವೇ ಹೆಚ್ಚು.

ಕೋಣೆ 30 ಡಿಗ್ರಿ ಇದ್ದು, ಧೂಳು ತೆಗೆದು, ಸುತ್ತ ಜಾಗ ಬಿಟ್ಟ ಮೇಲೂ ಎಚ್ಚರಿಕೆ ಬರುತ್ತಿದ್ದರೆ ತೊಂದರೆ ಯಂತ್ರದೊಳಗಿದೆ. ಒಂದು ತೆಳುವಾದ ಕಾಗದದ ಪಟ್ಟಿಯನ್ನು ಬಿಸಿಗಾಳಿ ಹೊರಬರುವ ಬಾಯಿಗೆ ಹಿಡಿಯಿರಿ. ಫ್ಯಾನ್ ಸದ್ದು ಜೋರಿದ್ದೂ ಪಟ್ಟಿ ಅಲುಗದಿದ್ದರೆ ಹೀಟ್‌ಸಿಂಕ್ ಕಟ್ಟಿಕೊಂಡಿದೆ, ಗಾಳಿ ರಭಸವಾಗಿ ಬಂದರೂ ಯಂತ್ರ ಆರಿಹೋಗುತ್ತಿದ್ದರೆ ಚಿಪ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪದರ ಒಣಗಿರಬಹುದು. 2013ರಲ್ಲಿ ಬಂದ ಪ್ಲೇಸ್ಟೇಷನ್ 4ರಂಥ ಹಳೆಯ ಯಂತ್ರಗಳಲ್ಲಿ ಥರ್ಮಲ್ ಪೇಸ್ಟ್ ಬದಲಿಸುವುದು ಅನುಭವಿ ರಿಪೇರಿಯವರ ಕೈಯಲ್ಲಿ ಸಾಮಾನ್ಯ ಕೆಲಸ. ಪ್ಲೇಸ್ಟೇಷನ್ 5 ಹಾಗಲ್ಲ. ಅದರಲ್ಲಿ ಪೇಸ್ಟ್‌ನ ಬದಲು ದ್ರವಲೋಹ ಬಳಸಲಾಗಿದೆ. ಅದು ವಿದ್ಯುತ್ತನ್ನು ಹರಿಯಬಿಡುವ ಲೋಹವಾದ್ದರಿಂದ ಒಂದು ಹನಿ ಬೋರ್ಡ್‌ನ ಮೇಲೆ ಬಿದ್ದರೂ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಬದಿಯ ಫಲಕಗಳಿಂದ ಆಚೆಗೆ ಅದನ್ನು ಮನೆಯಲ್ಲಿ ಬಿಚ್ಚಬಾರದು, ವಾರಂಟಿಯಿದ್ದರೆ ಕಂಪನಿಯ ಅಧಿಕೃತ ಸೇವಾ ಕೇಂದ್ರಕ್ಕೇ ಕಳುಹಿಸಬೇಕು. ವಾರಂಟಿ ಮುಗಿದು ಸ್ಥಳೀಯ ಅಂಗಡಿಗೆ ಕೊಡುವುದಾದರೆ, ದ್ರವಲೋಹದ ಯಂತ್ರವನ್ನು ಹಿಂದೆ ಬಿಚ್ಚಿದ್ದಾರೆಯೇ, ಅದರ ಜಾಗಕ್ಕೆ ಏನನ್ನು ಹಾಕುತ್ತಾರೆ ಎಂದು ಮೊದಲೇ ಕೇಳಿ, ಸೇವ್ ಮಾಡಿದ ಆಟಗಳನ್ನು ಬೇರೆಡೆ ಉಳಿಸಿಕೊಂಡು ಕೊಡಬೇಕು. ವಾಪಸು ಪಡೆಯುವಾಗ ಅಂಗಡಿಯಲ್ಲಿಯೇ ಭಾರದ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಅದೇ ಕಾಗದದ ಪಟ್ಟಿಯಿಂದ ಗಾಳಿಯ ರಭಸವನ್ನು ನೋಡಿದ ಮೇಲೆ ಹಣ ಕೊಡಬೇಕು.